ನೀರಿಲ್ಲ, ಮೊದಲು ಹುರಿಯೋದೂ ಇಲ್ಲ: ಸ್ಲೋ ಕುಕ್ಕರ್ ಪೋರ್ಕ್, ನನ್ನ ಅನುಭವ

ಎರಡು ಕೆಜಿ ಹಂದಿಮಾಂಸ, ಕಾಲು ಕಪ್ ವಿನೆಗರ್, ಒಂದು ಹನಿ ನೀರೂ ಇಲ್ಲ. ಬೆಳಗ್ಗೆ ಸ್ಲೋ ಕುಕ್ಕರ್‌ನಲ್ಲಿ, ಅಂದರೆ ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ಕರೆಂಟ್ ಪಾತ್ರೆಯಲ್ಲಿ, ಇಟ್ಟು ಹೋಗಿ ಸಂಜೆ ಬಂದರೆ ಊಟ. ಹೀಗೆ ಮಾಡುತ್ತೇನೆ ಅಂದಾಗ ಮನೆಯಲ್ಲಿ ಯಾರೂ ನಂಬಲಿಲ್ಲ. "ನೀರಿಲ್ಲದೆ ತಳ ಹಿಡಿಯುತ್ತೆ ನೋಡಮ್ಮ" ಅಂದರು ಅತ್ತೆ. ಗಂಡನ ತಕರಾರೇ ಬೇರೆ: ಪ್ರೆಶರ್ ಕುಕ್ಕರ್‌ನಲ್ಲಿ ಒಂದು ಗಂಟೆಗೆ ಆಗುವ ಕೆಲಸಕ್ಕೆ ಇಡೀ ದಿನ ಯಾಕೆ? ಆಫೀಸಿನ ಗೆಳತಿಯಂತೂ, ಮೊದಲು ಹುರಿಯದಿದ್ದರೆ ಆಸ್ಪತ್ರೆ ಊಟದ ಥರ ಸಪ್ಪೆ ಇರುತ್ತೆ ಅಂತ ತೀರ್ಪೇ ಕೊಟ್ಟಳು. ಈಗ ಮೂವರೂ ಡಬ್ಬಿ ತುಂಬಿಸಿಕೊಂಡು ಹೋಗುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಯಾವ ಸ್ಲೋ ಕುಕ್ಕರ್ ಕೊಳ್ಳಬೇಕು ಅಂತೆಲ್ಲ ಇಲ್ಲಿ ಹೇಳುವುದಿಲ್ಲ. ನಿಮ್ಮ ಹತ್ತಿರ ಒಂದಿದೆ, ಎರಡು ಮೂರು ಸಲ ಬಳಸಿ ಬೇಜಾರಾಗಿ ಮೇಲಿನ ಕಪಾಟಿಗೆ ಸೇರಿಸಿದ್ದೀರಿ ಅಂತಲೇ ಇಟ್ಟುಕೊಂಡು ಬರೆಯುತ್ತೇನೆ. ನನ್ನದೂ ಅಲ್ಲೇ ಇತ್ತು.

ದುಡ್ಡು ಜಾಸ್ತಿ ಹೋಗಿದ್ದು ಬೆನ್ನಿನ ಭಾಗದ ಮಾಂಸದ ಮೇಲೆ. ಕೊಬ್ಬಿಲ್ಲ, ನೋಡೋಕೆ ಚೆಂದ, ಕತ್ತರಿಸೋಕೆ ಸುಲಭ, ಬೆಲೆಯೂ ಜೋರು. ಸಂಜೆ ಮುಚ್ಚಳ ತೆಗೆದರೆ ರಸದಲ್ಲಿ ಮುಳುಗಿ ಕೂತಿರುತ್ತಿತ್ತು. ಬಾಯಿಗೆ ಇಟ್ಟರೆ ಮಾತ್ರ ಒಣ ಹತ್ತಿ. ರಸದಲ್ಲಿ ನೆನೆದಿದ್ದು ಒಣಗೋದು ಹೇಗೆ ಅಂತ ತಲೆ ಕೆಡಿಸಿಕೊಂಡು, ಗಂಟೆ ಕಡಿಮೆ ಮಾಡಿ ನೋಡಿದೆ, ರಸ ಜಾಸ್ತಿ ಮಾಡಿ ನೋಡಿದೆ, ಮೇಲೆ ಬೆಣ್ಣೆ ಇಟ್ಟೂ ನೋಡಿದೆ. ಏನೂ ಪ್ರಯೋಜನ ಇಲ್ಲ. ಆ ಮಾಂಸ ಒಳಗೆ 63 ಡಿಗ್ರಿ ಮುಟ್ಟಿ ಮೂರು ನಿಮಿಷ ಕೂತರೆ ತಿನ್ನೋಕೆ ರೆಡಿ. ಅದನ್ನು 90ರ ಆಸುಪಾಸಿನಲ್ಲಿ ಎಂಟು ಗಂಟೆ ಇಟ್ಟರೆ ಬೇರೇನಾದೀತು?

ಭುಜದ ಭಾಗಕ್ಕೆ ಬದಲಾಯಿಸಿದ ದಿನ ಎಲ್ಲ ಸರಿಹೋಯಿತು. ನರ, ಕೊಬ್ಬು, ಬಿಳಿ ಪೊರೆ ಎಲ್ಲ ಇರುವ, ಅಂದಗೆಟ್ಟ ತುಂಡು. ಬೆಲೆ ಬೆನ್ನಿನದಕ್ಕಿಂತ ಹೆಚ್ಚು ಕಡಿಮೆ ಅರ್ಧ. ಆ ಬಿಳಿ ಪೊರೆಯೇ ನಿಧಾನವಾಗಿ ಕರಗಿ ಅಂಟು ರಸ ಆಗುತ್ತದೆ, ಮಾಂಸದ ಎಳೆಗಳನ್ನು ಒದ್ದೆಯಾಗಿ ಇಡುತ್ತದೆ. ಒಂದು ಲೆಕ್ಕ ಮಾತ್ರ ಮೊದಲೇ ಹಾಕಿಕೊಳ್ಳಿ: ಎರಡು ಕೆಜಿ ಇಟ್ಟರೆ ತಿನ್ನೋಕೆ ಸಿಗುವುದು ಒಂದೂಕಾಲು ಕೆಜಿ ಆಸುಪಾಸು. ಉಳಿದದ್ದು ರಸ ಮತ್ತು ಕೊಬ್ಬು. ಈ ಲೆಕ್ಕ ಗೊತ್ತಿಲ್ಲದೆ ಒಂದು ಸಲ ನೆಂಟರನ್ನು ಕರೆದು, ತಟ್ಟೆಗೆ ಅಳೆದು ಅಳೆದು ಬಡಿಸಬೇಕಾಯಿತು. ಇಷ್ಟು ಕುಗ್ಗಿದ ಮೇಲೂ ಬೆನ್ನಿನದಕ್ಕಿಂತ ಅಗ್ಗವೇ. ಯಾಕೆಂದರೆ ಬೆನ್ನಿನದೂ ಕುಗ್ಗುತ್ತದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಚರ್ಮ ಬೇಡ. ಮಾರುವವರ ಹತ್ತಿರವೇ ತೆಗೆಸಿ. ಸ್ಲೋ ಕುಕ್ಕರ್‌ನಲ್ಲಿ ಚರ್ಮ ಗರಿಗರಿ ಆಗುವ ಮಾತೇ ಇಲ್ಲ, ಅಂಟಂಟಾಗಿ ಹಲ್ಲಿಗೆ ಹಿಡಿಯುತ್ತದೆ.

ಈಗ ನೀರಿನ ವಿಷಯ. ಒಲೆ ಮೇಲೆ ಬೇಯಿಸಿ ರೂಢಿಯಾದ ಕೈ ನೋಡಿ, ತಾನಾಗಿಯೇ ನೀರಿನ ಚೆಂಬಿನ ಕಡೆ ಹೋಗುತ್ತದೆ. ಆದರೆ ಇಲ್ಲಿ ಹಬೆ ಹೊರಗೆ ಹೋಗುವುದೇ ಕಡಿಮೆ. ಮುಚ್ಚಳಕ್ಕೆ ತಾಗಿ ನೀರಾಗಿ ಮತ್ತೆ ಒಳಗೇ ಬೀಳುತ್ತದೆ. ಮಾಂಸ, ಈರುಳ್ಳಿ ತಾವೇ ಎರಡೂವರೆ ಮೂರು ಕಪ್ ರಸ ಬಿಡುತ್ತವೆ. ಅದರ ಮೇಲೆ ನಾವು ಎರಡು ಕಪ್ ಸುರಿದರೆ ಸಂಜೆಗೆ ಸಿಗುವುದು ತೆಳ್ಳನೆ ಸಾರು, ಅದರಲ್ಲಿ ಬಿಳಿಚಿಕೊಂಡ ತುಂಡುಗಳು. ಅದನ್ನು ಒಲೆ ಮೇಲಿಟ್ಟು ಮುಕ್ಕಾಲು ಗಂಟೆ ಬತ್ತಿಸಿದ್ದೂ ಇದೆ. ಕೆಲಸದಿಂದ ಬಂದು ಮತ್ತೆ ಒಲೆ ಮುಂದೆ ನಿಲ್ಲೋದಾದರೆ ಈ ಯಂತ್ರ ಯಾಕೆ ಬೇಕಿತ್ತು? ನೀರನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತಾ ಬಂದೆ. ಸೊನ್ನೆಗೆ ಬಂದಾಗ ರುಚಿ ನಿಂತಿತು. ತಳ ಹಿಡಿಯಲಿಲ್ಲ. ಅತ್ತೆ ಪಾತ್ರೆ ಬಗ್ಗಿಸಿ ತಳ ನೋಡಿದರು, ಏನೂ ಅನ್ನಲಿಲ್ಲ.

ನಾನು ಮಾಡುವುದು ಹೀಗೆ. ಹಿಂದಿನ ರಾತ್ರಿ ಮಾಂಸವನ್ನು ನಾಲ್ಕು ದಪ್ಪ ತುಂಡು ಮಾಡುತ್ತೇನೆ, ಒಂದೊಂದು ಅರ್ಧ ಕೆಜಿ. ಚಿಕ್ಕದಾಗಿ ಕತ್ತರಿಸಬೇಡಿ, ಎಂಟು ಗಂಟೆಗೆ ಪುಡಿ ಪುಡಿ ಆಗುತ್ತದೆ. ಎರಡು ಕೆಜಿಗೆ 25ರಿಂದ 30 ಗ್ರಾಂ ಉಪ್ಪು. ಕೈಯಳತೆ ಬಿಟ್ಟು ಇದೊಂದನ್ನು ಮಾತ್ರ ತೂಕ ಹಾಕಿ. ಉಪ್ಪು ಹೆಚ್ಚಾದರೆ ಆಮೇಲೆ ಸರಿಮಾಡೋದು ಕಷ್ಟ. ಜೊತೆಗೆ ಕುಟ್ಟಿದ ಕಾಳುಮೆಣಸು, ಜಜ್ಜಿದ ಬೆಳ್ಳುಳ್ಳಿ, ಒಂದು ಚಮಚ ಸಕ್ಕರೆ. ಇನ್ನೊಂದು ಒಣ ಪದಾರ್ಥ ಇದೆ, ಅದು ನನ್ನ ಹತ್ತಿರವೇ ಇರಲಿ. ಇಷ್ಟನ್ನೂ ತಿಕ್ಕಿ ಒಂದು ಡಬ್ಬಿಯಲ್ಲಿ ಹಾಕಿ ಫ್ರಿಜ್‌ಗೆ. ಕುಕ್ಕರ್‌ನ ಪಿಂಗಾಣಿ ಪಾತ್ರೆಯಲ್ಲೇ ಹಾಕಿ ಫ್ರಿಜ್‌ನಲ್ಲಿ ಇಡುವವರು ಇದ್ದಾರೆ. ತೊಳೆಯೋ ಪಾತ್ರೆ ಒಂದು ಕಡಿಮೆ ಆಗುತ್ತೆ, ನಿಜ. ಆದರೆ ತಣ್ಣಗಾದ ಆ ದಪ್ಪ ಪಾತ್ರೆ ಬಿಸಿಯಾಗೋಕೇ ತುಂಬ ಹೊತ್ತು ಬೇಕು, ಅಷ್ಟು ಹೊತ್ತು ಮಾಂಸ ಅರೆಬಿಸಿಯಲ್ಲಿ ಕೂರುತ್ತದೆ. 5 ಡಿಗ್ರಿಯಿಂದ 60ರ ನಡುವೆ ಮಾಂಸ ಎಷ್ಟು ಕಡಿಮೆ ಹೊತ್ತು ಇದ್ದರೆ ಅಷ್ಟು ಒಳ್ಳೆಯದು. ಫ್ರೀಜರ್‌ನಲ್ಲಿ ಕಲ್ಲಾದ ಮಾಂಸವನ್ನು ನೇರವಾಗಿ ಹಾಕಬಾರದು ಅನ್ನೋದೂ ಇದೇ ಕಾರಣಕ್ಕೆ.

ಬೆಳಗ್ಗೆ ದೊಡ್ಡ ಈರುಳ್ಳಿ ಎರಡನ್ನು ದಪ್ಪ ಬಿಲ್ಲೆ ಮಾಡಿ ತಳಕ್ಕೆ ಹಾಸುತ್ತೇನೆ. ಅದರ ಮೇಲೆ ಮಾಂಸ, ಕೊಬ್ಬಿನ ಕಡೆ ಮೇಲೆ. ಸುತ್ತ ವಿನೆಗರ್. ಮುಚ್ಚಳ ಹಾಕಿ 'ಲೋ'ಗೆ ತಿರುಗಿಸಿ ಹೊರಟರೆ ಆಯಿತು, ಎಂಟು ಗಂಟೆ. ಭಾನುವಾರ ತಡವಾಗಿ ಎದ್ದರೆ 'ಹೈ'ನಲ್ಲಿ ಐದು ಗಂಟೆ. ನಡುವೆ ಮುಚ್ಚಳ ತೆಗೆಯಬೇಡಿ. ಒಂದು ಸಲ ಇಣುಕಿದರೆ ಇಪ್ಪತ್ತು ಮೂವತ್ತು ನಿಮಿಷ ಹಿಂದೆ ಹೋದ ಹಾಗೆ. ನಮ್ಮ ಮನೆಯಲ್ಲಿ ರಜೆಯ ದಿನ ಮಾಡಿದ್ದಕ್ಕಿಂತ ಯಾರೂ ಇಲ್ಲದ ದಿನ ಮಾಡಿದ್ದೇ ಚೆನ್ನಾಗಿ ಬರೋಕೆ ಕಾರಣ ಇದೇ.

ಹುರಿಯುವ ವಿಷಯಕ್ಕೆ ಬರೋಣ. ಗೆಳತಿ ಹೇಳಿದ್ದು ಪೂರ್ತಿ ಸುಳ್ಳಲ್ಲ. ಹಬೆಯಲ್ಲಿ ಬೆಂದ ಮಾಂಸಕ್ಕೆ ಕೆಂಪು ಬಣ್ಣ, ಸುಟ್ಟ ಘಮ ಬರುವುದಿಲ್ಲ. ಆದರೆ ಬೆಳಗ್ಗೆ ಏಳು ಗಂಟೆಗೆ ಮಕ್ಕಳ ಡಬ್ಬಿ ಕಟ್ಟುತ್ತಾ, ಇನ್ನೊಂದು ಕಡೆ ಎರಡು ಕೆಜಿ ಮಾಂಸ ಕೆಂಪಗೆ ಹುರಿಯುತ್ತಾ ನಿಲ್ಲೋಕೆ ನನ್ನಿಂದ ಆಗುವುದಿಲ್ಲ. ಒಲೆಯೆಲ್ಲ ಕೊಬ್ಬಿನ ಸಿಡಿ, ಆಫೀಸಿಗೆ ಹೋದರೆ ಕೂದಲೆಲ್ಲ ಅದೇ ವಾಸನೆ. ಹುರಿದು ಹಾಕಿದ್ದನ್ನೂ ಮಾಡಿ ನೋಡಿದ್ದೇನೆ. ಎಂಟು ಗಂಟೆ ರಸದಲ್ಲಿ ಕೂತ ಮೇಲೆ ಆ ಗರಿ ಎಲ್ಲ ಮೆತ್ತಗಾಗಿರುತ್ತದೆ. ಹಾಗಾಗಿ ಕೆಲಸವನ್ನೇ ತಿರುವು ಮುರುವು ಮಾಡಿದೆ: ಮೊದಲು ಬೇಯಿಸೋದು, ಆಮೇಲೆ ಹುರಿಯೋದು.

ಸಂಜೆ ತುಂಡುಗಳನ್ನು ತಟ್ಟೆಗೆ ತೆಗೆದು ಎರಡು ಫೋರ್ಕ್‌ನಲ್ಲಿ ಎಳೆ ಬಿಡಿಸುತ್ತೇನೆ. ಎರಡು ನಿಮಿಷದ ಕೆಲಸ. ಎಳೆ ಬಿಡದೆ ಹಟ ಮಾಡಿದರೆ ಜಾಸ್ತಿ ಬೆಂದಿದೆ ಅಂದುಕೊಳ್ಳಬೇಡಿ, ಇನ್ನೂ ಬೇಯಬೇಕು. ಮುಕ್ಕಾಲು ಗಂಟೆ ಮತ್ತೆ ಮುಚ್ಚಿಡಿ. ರಸದ ಮೇಲೆ ತೇಲುವ ಕೊಬ್ಬನ್ನು ಸೌಟಿನಲ್ಲಿ ಎತ್ತಿ, ಅದರಲ್ಲೇ ಎರಡು ಚಮಚ ಅಗಲ ಬಾಣಲೆಗೆ. ಬಾಣಲೆ ಚೆನ್ನಾಗಿ ಕಾಯಲಿ. ಮಾಂಸ ಹರಡಿ, ಕೈಯಾಡಿಸದೆ ಮೂರ್ನಾಲ್ಕು ನಿಮಿಷ ಬಿಡಿ. ಒಂದು ಕಡೆ ಮಾತ್ರ ಕೆಂಪಾದರೆ ಸಾಕು. ಕೊನೆಗೆ ಎರಡು ಸೌಟು ರಸ ಚುಯ್ ಅಂತ ಹಾಕಿ, ಬತ್ತುತ್ತಿದ್ದಂತೆ ಇಳಿಸಿ. ಒಂದು ಕಡೆ ಗರಿ, ಒಳಗೆ ಮೆತ್ತಗೆ. ಇದನ್ನು ತಿಂದ ಮೇಲೇ ಗೆಳತಿ ಮಾತು ಬದಲಾಯಿಸಿದ್ದು. ಈ ರಸ ಹಾಕುವ ಹೊತ್ತಿಗೆ ನಾನು ಇನ್ನೊಂದು ಏನೋ ಸೇರಿಸುತ್ತೇನೆ. ಅವಳು ಇವತ್ತಿಗೂ ಕೇಳುತ್ತಿದ್ದಾಳೆ, ಹೇಳಿಲ್ಲ.

ಗಂಡನ ಪ್ರಶ್ನೆಗೂ ಉತ್ತರ ಕೊಡಬೇಕಲ್ವಾ. ಪ್ರೆಶರ್ ಕುಕ್ಕರ್‌ನಲ್ಲಿ ಬೇಗ ಆಗುತ್ತೆ, ಒಪ್ಪಿದೆ. ಆದರೆ ಆ ಒಂದು ಗಂಟೆ ಬರೋದು ಸಂಜೆ ಏಳಕ್ಕೆ, ಎಲ್ಲರೂ ಹಸಿದು ಕೂತಾಗ. ನನ್ನ ಎಂಟು ಗಂಟೆಯಲ್ಲಿ ನಾನು ಮನೆಯಲ್ಲೇ ಇರುವುದಿಲ್ಲ. ಕೈ ಕೆಲಸ ರಾತ್ರಿ ಹತ್ತು ನಿಮಿಷ, ಬೆಳಗ್ಗೆ ಐದು, ಸಂಜೆ ಹದಿನೈದು. ಕರೆಂಟ್ ಬಿಲ್ ಅಂತ ಹೆದರಬೇಡಿ. ನನ್ನದು 'ಲೋ'ನಲ್ಲಿ ಸುಮಾರು 200 ವ್ಯಾಟ್, ಇಡೀ ದಿನಕ್ಕೆ ಒಂದೂವರೆ ಯೂನಿಟ್‌ನಷ್ಟು. ನಾವು ಐದು ಜನ ಇದರಲ್ಲಿ ಎರಡು ರಾತ್ರಿ ಉಣ್ಣುತ್ತೇವೆ, ಮೂರನೇ ದಿನಕ್ಕೆ ಮಕ್ಕಳ ಬ್ರೆಡ್‌ಗೂ ಸ್ವಲ್ಪ ಉಳಿಯುತ್ತದೆ. ಐವರೂ ಒಂದು ಸಲ ಹೊರಗೆ ತಿಂದರೆ ಇದಕ್ಕಿಂತ ಜಾಸ್ತಿ ಖರ್ಚು.

ನನ್ನ ಹಳೆಯ ಕುಕ್ಕರ್ ಮಾತ್ರ ಕೈ ಕೊಟ್ಟಿತ್ತು. ಎಷ್ಟು ಗಂಟೆ ಇಟ್ಟರೂ ಮಾಂಸ ಗಟ್ಟಿ. ಅದು ಸಾಕಷ್ಟು ಬಿಸಿಯೇ ಆಗುತ್ತಿರಲಿಲ್ಲ. ನಿಮ್ಮದರ ಮೇಲೆ ಅನುಮಾನ ಇದ್ದರೆ ಅರ್ಧ ನೀರು ತುಂಬಿ 'ಲೋ'ನಲ್ಲಿ ಎಂಟು ಗಂಟೆ ಇಡಿ. ಮುಚ್ಚಳ ತೆಗೆದ ಕೂಡಲೇ ಥರ್ಮಾಮೀಟರ್ ಹಾಕಿ. 85 ಡಿಗ್ರಿ ಇರಬೇಕು. ಅದಕ್ಕಿಂತ ತೀರಾ ಕೆಳಗಿದ್ದರೆ ಅದರಲ್ಲಿ ಮಾಂಸ ಬೇಯಿಸಬೇಡಿ. ಪಾತ್ರೆ ಅರ್ಧಕ್ಕಿಂತ ಜಾಸ್ತಿ, ಮುಕ್ಕಾಲಿಗಿಂತ ಕಡಿಮೆ ತುಂಬಿರಬೇಕು ಅನ್ನೋದೂ ನೆನಪಿರಲಿ.

ಕರೆಂಟ್ ಹೋಗುವ ಕಡೆ ಇನ್ನೊಂದು ತಲೆನೋವು. ಗುಂಡಿ ತಿರುಗಿಸುವ ಸಾದಾ ಕುಕ್ಕರ್, ಕರೆಂಟ್ ಬಂದ ಕೂಡಲೇ ಏನೂ ಆಗದವರ ಹಾಗೆ ಮತ್ತೆ ಶುರು ಮಾಡುತ್ತದೆ. ನಡುವೆ ಮೂರು ಗಂಟೆ ತಣ್ಣಗೆ ಕೂತಿದ್ದು ನಿಮಗೆ ಗೊತ್ತೇ ಆಗುವುದಿಲ್ಲ. ಅದಕ್ಕೆ ನಾನು ಮೈಕ್ರೋವೇವ್‌ನ ಗಡಿಯಾರ ನೋಡುತ್ತೇನೆ. ಅಂಕಿ ಮಿನುಗುತ್ತಿದ್ದರೆ ಕರೆಂಟ್ ಹೋಗಿ ಬಂದಿದೆ ಅಂತ ಅರ್ಥ. ಎಷ್ಟು ಹೊತ್ತು ಹೋಗಿತ್ತು ಅಂತ ಗೊತ್ತಾಗದಿದ್ದರೆ ಮಾಂಸ ಚೆನ್ನಾಗಿಯೇ ಕಂಡರೂ ಚೆಲ್ಲುತ್ತೇನೆ. ಎರಡು ಕೆಜಿ ಚೆಲ್ಲುವಾಗ ಹೊಟ್ಟೆ ಉರಿಯುತ್ತೆ, ಆದರೂ ಚೆಲ್ಲುತ್ತೇನೆ.

ಇದರ ಜೊತೆ ಸುಮ್ನೆ ಮಾಡಿ ನೋಡಿದ್ದು ಬೇಕಾದಷ್ಟಿವೆ. ಆಲೂಗಡ್ಡೆ, ಕ್ಯಾರೆಟ್ ಮಾಂಸಕ್ಕಿಂತ ನಿಧಾನ ಬೇಯುತ್ತವೆ, ಹಾಗಾಗಿ ತಳದಲ್ಲೇ ಇರಬೇಕು. ವಿನೆಗರ್ ಜಾಸ್ತಿ ಆದರೆ ಆಲೂಗಡ್ಡೆ ಎಂಟು ಗಂಟೆ ಆದರೂ ಗಟ್ಟಿಯಾಗೇ ಇರುತ್ತದೆ. ಹಾಲು, ಕೆನೆ ಬೆಳಗ್ಗೆಯೇ ಹಾಕಿದರೆ ಒಡೆಯುತ್ತದೆ, ಕೊನೆಯ ಕಾಲು ಗಂಟೆಗೆ ಹಾಕಿ. ಮುಚ್ಚಳದ ಕೆಳಗೆ ಬಟ್ಟೆ ಕಟ್ಟಿ ಹಬೆ ಹಿಡಿಯೋಕೂ ಹೋದೆ. ರಸ ಸ್ವಲ್ಪ ಗಟ್ಟಿ ಬಂತು, ಬಟ್ಟೆಗೆ ಹತ್ತಿದ ವಾಸನೆ ಮಾತ್ರ ಹೋಗಲೇ ಇಲ್ಲ.

ಕಾಳಿನ ಕತೆ ಸ್ವಲ್ಪ ಉದ್ದ. ಈ ಯಂತ್ರದ ಮೂಲವೇ ಕಾಳು ಬೇಯಿಸುವುದು. ಅಮೆರಿಕದಲ್ಲಿ ಇರ್ವಿಂಗ್ ನ್ಯಾಕ್ಸನ್ ಅನ್ನುವವರು 1940ರಲ್ಲಿ ಇದರ ಪೇಟೆಂಟ್ ಪಡೆದರು. ಅದನ್ನೇ 1971ರಲ್ಲಿ ರೈವಲ್ ಕಂಪನಿ ಕ್ರಾಕ್‌ಪಾಟ್ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಇದನ್ನು ಓದಿ ನನಗೂ ಹುರುಪು ಬಂದು, ಪೋರ್ಕ್ ಜೊತೆ ರಾಜ್ಮಾ ಹಾಕಲು ಹೊರಟೆ. ಒಳ್ಳೆಯದೇ ಆಯಿತು, ಹಾಕುವ ಮೊದಲು ವಿಚಾರಿಸಿದೆ. ಹಸಿ ರಾಜ್ಮಾದಲ್ಲಿ ಹೊಟ್ಟೆ ಕೆಡಿಸುವ ವಿಷದಂಥ ಅಂಶ ಇದೆ, ಅದು ಸಾಯೋಕೆ ಕೊತ ಕೊತ ಕುದಿ ಬೇಕು. ಸ್ಲೋ ಕುಕ್ಕರ್ ಅಷ್ಟು ಕುದಿಯುವುದಿಲ್ಲ. ಈಗ ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಒಲೆ ಮೇಲೆ ಹತ್ತು ನಿಮಿಷಕ್ಕೂ ಜಾಸ್ತಿ ಕುದಿಸಿದ ಮೇಲೇ ಕುಕ್ಕರ್‌ಗೆ ಹಾಕುತ್ತೇನೆ. ಪೋರ್ಕ್ ರಸ ಹೀರಿದ ರಾಜ್ಮಾ ಮುಂದೆ ಮಾಂಸವೇ ಸಪ್ಪೆ ಅನಿಸುತ್ತದೆ.

ಉಳಿದದ್ದನ್ನು ಕುಕ್ಕರ್ ಪಾತ್ರೆಯಲ್ಲೇ ಬಿಡಬೇಡಿ. ಅಗಲವಾದ ತಗ್ಗು ಡಬ್ಬಿಗಳಿಗೆ ಹಾಕಿ ಎರಡು ಗಂಟೆಯೊಳಗೆ ಫ್ರಿಜ್ ಸೇರಿಸಿ. ಮಾರನೇ ದಿನ ಒಲೆ ಮೇಲೇ ಬಿಸಿ ಮಾಡಿ, ಸ್ಲೋ ಕುಕ್ಕರ್‌ನಲ್ಲಿ ಬೇಡ, ಅದು ಬಿಸಿಯಾಗೋದು ತುಂಬ ನಿಧಾನ. ರಸದ ಮೇಲೆ ಬಿಳಿ ಕೊಬ್ಬು ಗಟ್ಟಿಯಾಗಿ ಕೂತಿರುತ್ತದೆ. ಎತ್ತಿಟ್ಟುಕೊಂಡು ಆಲೂಗಡ್ಡೆ ಹುರಿಯಿರಿ. ಕೆಳಗಿನ ರಸ ಜೆಲ್ಲಿಯಂತೆ ಗಟ್ಟಿಯಾಗಿ ಅಲುಗಾಡುತ್ತಿದ್ದರೆ ನಿಮ್ಮ ಅಡುಗೆ ಸರಿಯಾಗಿದೆ ಅಂತ ಲೆಕ್ಕ.

ಈಗ ಪಕ್ಕೆಲುಬಿನ ಹಿಂದೆ ಬಿದ್ದಿದ್ದೇನೆ. ಮಲಗಿಸಿದರೆ ಕೆಳಗಿನದು ರಸದಲ್ಲಿ ಮುಳುಗಿ ಮೇಲಿನದು ಒಣಗುತ್ತಿತ್ತು. ಪಾತ್ರೆಯ ಗೋಡೆಗೆ ಆನಿಸಿ ನಿಲ್ಲಿಸಿದ ಮೇಲೆ ಸಮನಾಗಿ ಬೆಂದಿತು, ಆರೂವರೆ ಗಂಟೆ. ರುಚಿ ಬಂದಿದೆ. ಆದರೆ ಇಕ್ಕಳದಲ್ಲಿ ಎತ್ತುವಷ್ಟರಲ್ಲಿ ಮೂಳೆ ಜಾರಿ ರಸಕ್ಕೆ ಬೀಳುತ್ತದೆ, ಮಕ್ಕಳ ತಟ್ಟೆಗೆ ಹೋಗದ ಹಾಗೆ ಹುಡುಕಿ ತೆಗೆಯಬೇಕು. ಮುಂದಿನ ಸಲ ಐದೂವರೆ ಗಂಟೆಗೇ ಆಫ್ ಮಾಡಿ, ಅರ್ಧ ಗಂಟೆ ಮುಚ್ಚಳ ತೆಗೆದು ಆರಿದ ಮೇಲೆ ಎತ್ತಿ ನೋಡಬೇಕು.