ಸುಟ್ಟು ಚಿಗುರುತ್ತಿರುವ ಕಾಡಿನ ಬೆಟ್ಟದಲ್ಲಿ ಲೂಪ್ ಟ್ರೇಲ್: ಹೋಗುವ ಮುಂಚೆ, ನಡೆಯುವಾಗ

ಕಾಡ್ಗಿಚ್ಚು ಬಿದ್ದು ಒಂದೆರಡು ವರ್ಷವಾದ ಮೇಲೆ ಟ್ರೇಲ್ ಮತ್ತೆ ತೆರೆದಿದೆ ಅಂದರೆ, ಅದು ಮೊದಲಿನ ಹಾಗೇ ಇದೆ ಅಂದುಕೊಳ್ಳಬೇಡಿ. ಮ್ಯಾಪಿನಲ್ಲಿ ಗೆರೆ ಅದೇ ಇರುತ್ತದೆ. ನೆಲದ ಮೇಲೆ ನೆರಳಿಲ್ಲ, ದಾರಿ ತೋರಿಸುವ ಬೋರ್ಡು ಸುಟ್ಟಿರುತ್ತದೆ, ಮರದ ಕಾಲುಸೇತುವೆ ಇದ್ದರೂ ಇರಬಹುದು, ಇಲ್ಲದಿದ್ದರೂ ಇಲ್ಲ. ಆದರೂ ಹೋಗಿ ಅಂತಲೇ ಹೇಳುತ್ತೇನೆ. ಕಾಡು ಬುಡದಿಂದ ಮತ್ತೆ ಏಳುವುದನ್ನು ಇಷ್ಟು ಹತ್ತಿರದಿಂದ ನೋಡಲು ಬೇರೆಲ್ಲೂ ಸಿಗುವುದಿಲ್ಲ. ತಯಾರಿ ಮಾತ್ರ ಬೇರೆ ಥರ ಬೇಕು.

ಮೊದಲ ಕೆಲಸ, ಆ ಕಾಡನ್ನು ನೋಡಿಕೊಳ್ಳುವ ಇಲಾಖೆಗೆ ಫೋನ್ ಮಾಡಿ ಕೇಳುವುದು. ಲೂಪ್, ಅಂದರೆ ಸುತ್ತಿಕೊಂಡು ಹೊರಟ ಜಾಗಕ್ಕೇ ಬರುವ ದಾರಿ, ಪೂರ್ತಿ ತೆರೆದಿದೆಯೋ ಅಥವಾ ಒಂದು ಕಡೆ ಮಾತ್ರವೋ? ಬಿದ್ದ ಮರ ತೆಗೆದಿದ್ದಾರಾ? ಹಳ್ಳ ದಾಟುವ ಜಾಗ ಹೇಗಿದೆ? ಮುಚ್ಚಿದ್ದೇವೆ ಅಂದರೆ ಅಲ್ಲಿಗೆ ಮುಗೀತು, ಸುಮ್ನೆ ನುಗ್ಗಬೇಡಿ. ಮ್ಯಾಪನ್ನು ಫೋನಿಗೆ ಇಳಿಸಿಕೊಳ್ಳಿ, ಕಾಗದದ್ದೂ ಒಂದಿರಲಿ.

ಈಗ ಯಾವ ದಿಕ್ಕಿನಿಂದ ಸುತ್ತಬೇಕು ಅನ್ನುವುದು. ಲೂಪಿನಲ್ಲಿ ಇದೇ ದೊಡ್ಡ ನಿರ್ಧಾರ, ಜನ ಇದಕ್ಕೇ ಕಡಿಮೆ ಗಮನ ಕೊಡುತ್ತಾರೆ. ನನ್ನ ಪ್ರಕಾರ ಸುಟ್ಟ ಭಾಗ ಬೆಳಗ್ಗೆಯೇ ಮುಗಿಯುವ ಹಾಗೆ ಹೊರಡಬೇಕು. ಬೆಟ್ಟದಲ್ಲಿ ಸಾಮಾನ್ಯವಾಗಿ ಮಧ್ಯಾಹ್ನದ ಹೊತ್ತಿಗೆ ಗಾಳಿ ಏಳುತ್ತದೆ, ಎಷ್ಟೋ ಕಡೆ ಗುಡುಗು ಮಳೆ ಬರುವುದೂ ಆಮೇಲೆಯೇ. ಮೇಲಾಗಿ ಎಲೆಯಿಲ್ಲದ ಕರಿ ಮರಗಳ ನಡುವೆ ಮಧ್ಯಾಹ್ನದ ಬಿಸಿಲಲ್ಲಿ ಏರು ಹತ್ತುವುದು ಬಹಳ ಸುಸ್ತು. ಇನ್ನೊಂದು ಲಾಭವೂ ಇದೆ. ದಾರಿ ಕಟ್ಟಾಗಿದ್ದರೆ ಅದು ಮೊದಲೇ ಗೊತ್ತಾಗುತ್ತದೆ, ವಾಪಸ್ ಬರುವುದು ಸುಲಭ. ಮುಕ್ಕಾಲು ಲೂಪ್ ನಡೆದು, ಕಾಲು ಸೋತ ಮೇಲೆ ಸೇತುವೆ ಇಲ್ಲ ಅಂತ ಕಂಡರೆ ಆಗ ಜನ ತಪ್ಪು ಧೈರ್ಯ ಮಾಡುತ್ತಾರೆ. ಎಷ್ಟು ಗಂಟೆಯೊಳಗೆ ಅರ್ಧ ಮುಟ್ಟದಿದ್ದರೆ ಬಂದ ದಾರಿಯಲ್ಲೇ ತಿರುಗಬೇಕು ಅನ್ನುವುದನ್ನು ಹೊರಡುವ ಮುಂಚೆಯೇ ಗುಂಪಿನಲ್ಲಿ ಮಾತಾಡಿಕೊಳ್ಳಿ.

ಸಮಯದ ಲೆಕ್ಕಕ್ಕೆ ಸ್ಕಾಟ್ಲೆಂಡಿನ ಪರ್ವತಾರೋಹಿ ನೇಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಈಗಲೂ ಸಾಕು: 5 ಕಿ.ಮೀ.ಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅಂದರೆ 600 ಮೀಟರ್ ಏರಿರುವ 15 ಕಿ.ಮೀ. ಲೂಪಿಗೆ ನಾಲ್ಕು ಗಂಟೆ. ಸುಟ್ಟ ಕಾಡಾದರೆ ನಾನು ಅದಕ್ಕೆ ಅರ್ಧ ಸೇರಿಸಿ ಆರು ಗಂಟೆ ಇಟ್ಟುಕೊಳ್ಳುತ್ತೇನೆ, ಬಿದ್ದ ಮರ ಹತ್ತಿ ಇಳಿಯುವುದರಲ್ಲೇ ಹೊತ್ತು ಹೋಗುತ್ತದೆ.

ನಿಜವಾದ ಅಪಾಯ ತಲೆಯ ಮೇಲಿರುತ್ತದೆ. ಸತ್ತು ನಿಂತ ಮರ ಬೆಂಕಿಯ ವರ್ಷವೇ ಬೀಳಬೇಕು ಅಂತಿಲ್ಲ. ಬೇರು ನಿಧಾನಕ್ಕೆ ಕೊಳೆಯುತ್ತದೆ, ಹಾಗಾಗಿ ವರ್ಷಗಳಾದ ಮೇಲೂ ಒಂದೊಂದಾಗಿ ಉರುಳುತ್ತಲೇ ಇರುತ್ತವೆ, ಕೆಲವೊಮ್ಮೆ ಗಾಳಿಯೇ ಇಲ್ಲದೆ. ಹೊರಗಿನಿಂದ ಗಟ್ಟಿ ಕಂಡರೂ ಬುಡದಲ್ಲಿ ಟೊಳ್ಳಾಗಿರಬಹುದು. ಆದ್ದರಿಂದ ಇಲ್ಲಿ ಇಯರ್‌ಫೋನ್ ಬೇಡವೇ ಬೇಡ, ಮರ ಲಟಲಟ ಅನ್ನುವುದು ಕಿವಿಗೆ ಬೀಳಬೇಕು. ಇಬ್ಬರ ನಡುವೆ ಅಂತರ ಇಟ್ಟು ನಡೆಯಿರಿ. ಊಟಕ್ಕೆ, ಫೋಟೋಗೆ, ಶೂ ಲೇಸ್ ಕಟ್ಟುವುದಕ್ಕೆ ನಿಲ್ಲುವಾಗಲೂ ಮೊದಲು ಮೇಲೆ ನೋಡಿ. ಹತ್ತಿರದ ಸತ್ತ ಮರ ಎಷ್ಟು ಎತ್ತರವೋ ಕನಿಷ್ಠ ಅದರ ಒಂದೂವರೆ ಪಟ್ಟು ದೂರದಲ್ಲಿ ಕೂರಿ, ಬಂಡೆಯ ಬಯಲು ಸಿಕ್ಕರೆ ಒಳ್ಳೆಯದು. ಗಾಳಿ ಜೋರಾಯಿತೋ, ಶಿಖರ ಎಷ್ಟೇ ಹತ್ತಿರವಿರಲಿ, ಸುಟ್ಟ ಭಾಗಕ್ಕೆ ಕಾಲಿಡಬೇಡಿ.

ಕಾಲ ಕೆಳಗೂ ಅಪಾಯ ಇದೆ. ಬೆಂಕಿ ಬೊಡ್ಡೆಯಿಂದ ಬೇರಿನ ಗುಂಟ ನೆಲದೊಳಗೆ ಇಳಿದು, ಬೇರು ಇದ್ದ ಜಾಗವನ್ನು ಖಾಲಿ ಮಾಡಿರುತ್ತದೆ. ಮೇಲೆ ತೆಳ್ಳಗೆ ಮಣ್ಣೋ ಬೂದಿಯೋ ಮುಚ್ಚಿರುತ್ತದೆ ಅಷ್ಟೇ, ಹೆಜ್ಜೆ ಇಟ್ಟರೆ ಕಾಲು ಒಳಗೆ ಹೋಗುತ್ತದೆ. ಬೊಡ್ಡೆಗಳ ಹತ್ತಿರ ಕೋಲಿನಿಂದ ಒತ್ತಿ ನೋಡಿ ಮುಂದೆ ಹೋಗಿ. ಕರಕಲಾದ ಬೇಲಿಯನ್ನೋ ಮರದ ಮೆಟ್ಟಿಲನ್ನೋ ನಂಬಿ ಭಾರ ಹಾಕಬೇಡಿ.

ಮಳೆಯ ವಿಷಯದಲ್ಲಿ ಇನ್ನೂ ಜಾಸ್ತಿ ಎಚ್ಚರ ಬೇಕು. ಜೋರು ಬೆಂಕಿ ಬಿದ್ದ ಮಣ್ಣಿನಲ್ಲಿ ನೀರು ಇಂಗದಂಥ ಪದರ ಆಗಿರಬಹುದು, ಹಿಡಿದಿಡಲು ಎಲೆ ಕಸವೂ ಇಲ್ಲ. ಹತ್ತು ಹದಿನೈದು ನಿಮಿಷದ ಬಿರುಮಳೆ ಸಾಕು, ಕಲ್ಲು, ಕೆಸರು, ದಿಮ್ಮಿ ಎಲ್ಲವೂ ಹಳ್ಳದಲ್ಲಿ ಒಟ್ಟಿಗೆ ಇಳಿದು ಬರುತ್ತವೆ. ನೀವಿರುವಲ್ಲಿ ಹನಿ ಬೀಳದಿದ್ದರೂ ಮೇಲೆ ಸುರಿದಿರಬಹುದು, ಅಲ್ವಾ? ಹಳ್ಳದ ನೀರು ಇದ್ದಕ್ಕಿದ್ದ ಹಾಗೆ ಕಂದಾದರೆ ಎತ್ತರಕ್ಕೆ ಹೋಗಿ, ದಾಟುವ ಯೋಚನೆ ಬಿಡಿ. ಕುಡಿಯುವ ನೀರನ್ನು ಮನೆಯಿಂದಲೇ ಹೊತ್ತುಕೊಂಡು ಹೋಗಿ, ಬೂದಿ ನೀರಿನಿಂದ ಫಿಲ್ಟರ್ ಬೇಗ ಕಟ್ಟಿಕೊಂಡುಬಿಡುತ್ತದೆ.

ಇಷ್ಟೆಲ್ಲ ಎಚ್ಚರದ ನಡುವೆಯೂ ನೋಡುವುದನ್ನು ಮಾತ್ರ ಬಿಡಬೇಡಿ. 1988ರಲ್ಲಿ ಅಮೆರಿಕದ ಯೆಲ್ಲೋಸ್ಟೋನ್ ಉದ್ಯಾನದ ಸುಮಾರು 36 ಶೇಕಡಾ ಭಾಗಕ್ಕೆ ಬೆಂಕಿ ಬಿತ್ತು. ಆಮೇಲೆ ಅಲ್ಲಿ ಲಾಡ್ಜ್‌ಪೋಲ್ ಪೈನ್ ಸಸಿಗಳು ದಟ್ಟವಾಗಿ ಎದ್ದವು. ಆ ಮರದ ಎಷ್ಟೋ ಕಾಯಿಗಳು ಅಂಟಿನಿಂದ ಮುಚ್ಚಿಕೊಂಡಿರುತ್ತವೆ, ಬೆಂಕಿಯ ಬಿಸಿಗೆ ಅಂಟು ಕರಗಿ ಬೀಜ ಉದುರುತ್ತದೆ. ನೀಲಗಿರಿ ಮರಗಳಾದರೆ ಸುಟ್ಟ ಕಾಂಡದಿಂದಲೇ, ತೊಗಟೆಯ ಒಳಗಿನ ಮೊಗ್ಗಿನಿಂದ ಚಿಗುರುತ್ತವೆ. ಸತ್ತ ಮರಕ್ಕೆ ಕೊರೆಯುವ ಹುಳು ಬರುತ್ತದೆ, ಹುಳಕ್ಕೆ ಮರಕುಟಿಗ ಬರುತ್ತದೆ, ಅದು ಬಿಟ್ಟುಹೋದ ಪೊಟರೆಯಲ್ಲಿ ಬೇರೆ ಹಕ್ಕಿ ಮನೆ ಮಾಡುತ್ತದೆ. ನಮ್ಮ ಕಣ್ಣಿಗೆ ಹಾಳು ಅಂತ ಕಾಣುವ ಕರಿ ಕಂಬಗಳ ಮೇಲೇ ಇಷ್ಟು ಜೀವ ನಿಂತಿದೆ.

ಅದಕ್ಕೇ ಜಾಡು ಬಿಟ್ಟು ಇಳಿಯಬೇಡಿ ಅಂತ ಕೈ ಮುಗಿದು ಕೇಳುತ್ತೇನೆ. ಬೆರಳುದ್ದದ ಸಸಿ ಬೂದಿಯಲ್ಲಿ ಕಾಣುವುದೇ ಇಲ್ಲ. ತಿರುವಿನಲ್ಲಿ ಅಡ್ಡದಾರಿ ಹಿಡಿದರೆ ಸಡಿಲ ಮಣ್ಣು ಮುಂದಿನ ಮಳೆಗೆ ಕೊಚ್ಚಿ ಹೋಗುತ್ತದೆ. ಹೊರಡುವ ಮುಂಚೆ ಶೂ ತಳವನ್ನು ಬ್ರಷ್‌ನಿಂದ ಉಜ್ಜಿ, ಬೇರೆ ಕಡೆಯ ಕಳೆ ಬೀಜ ಖಾಲಿ ನೆಲದಲ್ಲಿ ಬಹಳ ಬೇಗ ಬೇರೂರುತ್ತದೆ. ವಾಪಸ್ ಬಂದ ಮೇಲೆ ಹೊಸದಾಗಿ ಬಿದ್ದ ಮರ, ಕುಸಿದ ಜಾಡು ಎಲ್ಲೆಲ್ಲಿ ಅಂತ ಫೋಟೋ, ಲೊಕೇಶನ್ ಸಮೇತ ಇಲಾಖೆಗೆ ಕಳಿಸಿ, ನಾಳೆ ಅದೇ ದಾರಿಯಲ್ಲಿ ಹೋಗುವವರಿಗೆ ಅದು ಬೇಕಾಗುತ್ತದೆ.