ವಾಲ್ವ್ ರೇಡಿಯೊದ ಗುಂಯ್ ಸದ್ದು ನಿಂತದ್ದು ಹೀಗೆ

ಚಿಕ್ಕಮಗಳೂರಿನ ಮಳೆಗಾಲದ ತೇವಕ್ಕೆ ಹಳೆಯ ಮೇಣದ ಪೇಪರ್ ಕೆಪಾಸಿಟರ್‌ಗಳು (ಚಾರ್ಜ್ ಹಿಡಿದಿಡುವ ಬಿಡಿಭಾಗಗಳು) ತಡೆಯುವುದಿಲ್ಲ. ನಾನು ರಿಪೇರಿ ಮಾಡಿದ ಈ ವಾಲ್ವ್ (ಗಾಜಿನ ಎಲೆಕ್ಟ್ರಾನಿಕ್ ಕೊಳವೆ) ರೇಡಿಯೊದಲ್ಲಿ ಗುಂಯ್ ಸದ್ದು, ಒಡಕು ದನಿ ಎರಡೂ ಇದ್ದವು.

ಒಳಗೆ ಶಾರ್ಟ್ ಇದ್ದರೂ ಕರೆಂಟ್ ಮಿತಿಯಲ್ಲಿರಲೆಂದು 100 ವ್ಯಾಟ್ ಬಲ್ಬನ್ನು ಸೀರೀಸ್‌ನಲ್ಲಿ ಹಾಕಿಯೇ ಕರೆಂಟ್ ಕೊಟ್ಟೆ. ಸ್ಪೀಕರ್ ನಡೆಸುವ ಇಎಲ್84 ವಾಲ್ವಿನ 2ನೇ ಪಿನ್, ಅಂದರೆ ಸಿಗ್ನಲ್ ಒಳಬರುವ ಗ್ರಿಡ್, ಸೊನ್ನೆ ವೋಲ್ಟ್ ತೋರಿಸಬೇಕು. ಮೀಟರ್ ತೋರಿಸಿದ್ದು ಪ್ಲಸ್ 9 ವೋಲ್ಟ್. ಸಿಗ್ನಲನ್ನು ಮಾತ್ರ ದಾಟಿಸಿ ಡಿಸಿ ತಡೆಯಬೇಕಾದ ಕಪ್ಲಿಂಗ್ ಕೆಪಾಸಿಟರ್ ಲೀಕ್. ಹೀಗೇ ಓಡಿಸಿದರೆ ವಾಲ್ವ್ ಕೆಂಪಗೆ ಕಾದು ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೂ ಸುಡುತ್ತದೆ.

ಪ್ಲಗ್ ಕಿತ್ತು, 10 ಕಿಲೋಓಮ್ 5 ವ್ಯಾಟ್ ರೆಸಿಸ್ಟರ್‌ನಿಂದ ಫಿಲ್ಟರ್ ಕೆಪಾಸಿಟರ್‌ಗಳ (ಡಿಸಿಯ ಏರಿಳಿತ ತೆಗೆದು ಗುಂಯ್ ಸದ್ದು ತಡೆಯುವವು) ಚಾರ್ಜ್ ಇಳಿಸಿ, ಮೀಟರ್‌ನಲ್ಲಿ ಖಚಿತ ಮಾಡಿಕೊಂಡೇ ಕೈ ಹಾಕಿ. ಇದರಲ್ಲಿ ರಾಜಿ ಬೇಡ. ಕಪ್ಲಿಂಗ್‌ಗೆ 0.01 ಮೈಕ್ರೊಫ್ಯಾರಡ್ 630 ವೋಲ್ಟ್ ಪಾಲಿಯೆಸ್ಟರ್ ಹಾಕಿದೆ. ಬುಡದಲ್ಲಿ ಬಿಳಿ ಪುಡಿ ಕಟ್ಟಿದ್ದ ಫಿಲ್ಟರ್ ಡಬ್ಬಿಯ ಬದಲು 33 ಮೈಕ್ರೊಫ್ಯಾರಡ್ 450 ವೋಲ್ಟಿನವು ಎರಡು. ಎಸಿಯನ್ನು ಡಿಸಿ ಮಾಡುವ ಇಝಡ್80 ರೆಕ್ಟಿಫೈಯರ್ ವಾಲ್ವಿನ ನಂತರದ ಮೊದಲ ಕೆಪಾಸಿಟರ್ 50 ಮೈಕ್ರೊಫ್ಯಾರಡ್ ದಾಟಬಾರದು. ಮೈಕಾ ಕೆಪಾಸಿಟರ್‌ಗಳನ್ನು ಮುಟ್ಟಲಿಲ್ಲ.

ಗ್ರಿಡ್ ಈಗ ಸೊನ್ನೆ. ರಾತ್ರಿ 612 ಕಿಲೋಹರ್ಟ್ಸ್‌ನಲ್ಲಿ ಬೆಂಗಳೂರು ಆಕಾಶವಾಣಿ ಸ್ವಚ್ಛವಾಗಿ ಬಂತು.