ಎಸಿಗೆ ಗ್ಯಾಸ್ ಹಾಕಿಸುವ ಮೊದಲು ಲೀಕ್ ತೋರಿಸಲು ಹೇಳಿ

ಹೊರಗಿನ ಮೆಕ್ಯಾನಿಕ್ ಒಬ್ಬರನ್ನು ಎಸಿ ಸರ್ವೀಸಿಗೆ ಕರೆಸಿದಾಗ ಅವರು "ಗ್ಯಾಸ್ ಕಮ್ಮಿ ಇದೆ" ಅಂದರೆ ತಕ್ಷಣ ಹೂಂ ಅನ್ನಬೇಡಿ. "ಲೀಕ್ ಎಲ್ಲಿದೆ ತೋರಿಸಿ, ಅದನ್ನು ಸರಿಮಾಡಿ, ಆಮೇಲೆ ಗ್ಯಾಸ್ ಹಾಕಿ" ಅಂತ ಹೇಳಿ. ಎಸಿಯ ಗ್ಯಾಸ್ ಗಾಡಿಯ ಪೆಟ್ರೋಲ್ ಥರ ಖರ್ಚಾಗುವುದಿಲ್ಲ, ಮುಚ್ಚಿದ ಪೈಪಿನೊಳಗೆ ಅದೇ ಸುತ್ತುತ್ತಿರುತ್ತದೆ. ಕಮ್ಮಿಯಾಗಿದ್ದರೆ ಎಲ್ಲೋ ಸೋರಿರಬೇಕು, ಅಲ್ವಾ? ಸೋರಿಕೆ ಹಾಗೇ ಬಿಟ್ಟು ತುಂಬಿಸಿದರೆ ಮತ್ತೆ ಅದೇ ಖರ್ಚು. ಇನ್ನೊಂದು ಮಾತು: ಗೇಜ್ (ಗ್ಯಾಸಿನ ಪ್ರೆಶರ್ ಅಳೆಯುವ ಮೀಟರ್) ಹಾಕಿ ನೋಡುವುದು ಫಿಲ್ಟರ್, ಕಾಯಿಲ್ (ಗ್ಯಾಸ್ ಸುತ್ತುವ ಸುರುಳಿ ಪೈಪು) ತೊಳೆದ ಮೇಲೆ ಆಗಲಿ. ಒಳಗಿನ ಕಾಯಿಲಿಗೆ ಧೂಳು ಕಟ್ಟಿದ್ದರೂ ಪ್ರೆಶರ್ ಕಮ್ಮಿ ತೋರಿಸುತ್ತದೆ. ಎಷ್ಟೋ ಸಲ ತೊಳೆದ ಮೇಲೆ ಗ್ಯಾಸಿನ ಮಾತೇ ಬರುವುದಿಲ್ಲ. ಹೊರಗಿನ ಯೂನಿಟ್ಟಿನ ಸ್ಟಿಕ್ಕರಿನಲ್ಲಿ ಯಾವ ಗ್ಯಾಸ್, ಎಷ್ಟು ಅಂತ ಬರೆದಿರುತ್ತದೆ. ಅದರ ಫೋಟೋ ಅವರಿಗೆ ಮೊದಲೇ ಕಳಿಸಿ. ಆರ್-32 ಎಸಿಗೆ ಆರ್-22 ಹಾಕುವಂತಿಲ್ಲ. ಪೂರ್ತಿ ತುಂಬಿಸುವುದಾದರೆ ವ್ಯಾಕ್ಯೂಮ್ ಮಾಡಿಸಿ (ಅಂದರೆ ಪೈಪಿನೊಳಗಿನ ಗಾಳಿ, ತೇವ ಎಳೆದು ತೆಗೆಸಿ), ತೂಕ ನೋಡಿ ಹಾಕಿಸಿ. ಪೈಪಿನ ನಟ್ ಹತ್ತಿರದ ಲೀಕ್ ಆದರೆ ಸೋಪು ನೀರು ಹಚ್ಚಿದಾಗ ಗುಳ್ಳೆ ಬರುತ್ತದೆ. ಕಾಯಿಲಿನ ಸಣ್ಣ ತೂತು ಮಾತ್ರ ಹೀಗೆ ಸುಲಭಕ್ಕೆ ಸಿಗುವುದಿಲ್ಲ. ಮಂಗಳೂರು, ಉಡುಪಿ ಕಡೆ ಉಪ್ಪು ಗಾಳಿಗೆ ಕಾಯಿಲ್ ಬೇಗ ತಿಂದುಹೋಗುತ್ತದೆ. ಇಂಥ ಲೀಕ್ ಇದೆಯೇ ಅಂತ ತಿಳಿಯಲು ಪೈಪಿನೊಳಗೆ ನೈಟ್ರೋಜನ್ ತುಂಬಿಸಿ, ಪ್ರೆಶರ್ ಇಳಿಯುತ್ತದೆಯೇ ಅಂತ ಕಾದು ನೋಡಬೇಕು. ಆ ಕೆಲಸಕ್ಕೆ ಅವರು ಬೇರೆ ಚಾರ್ಜ್ ಕೇಳಿದರೆ ಕೊಡಿ, ಅದು ನ್ಯಾಯವೇ. ಎಸಿ ಇನ್ನೂ ವಾರಂಟಿಯಲ್ಲಿದ್ದರೆ ಮಾತ್ರ ಹೊರಗಿನವರು ಬೇಡ, ಕಂಪನಿಯವರನ್ನೇ ಕರೆಸಿ.